ಪಾದ್ರಿತನ ತೊರೆದ ಬ್ರಾಡ್ಲಿ

ವೇಲ್ಸ್ ಗಡಿಗೆ ಸಮೀಪದ ಬ್ರಿಡ್‌ಸ್ಟೋ ಎಂಬ ಹಳ್ಳಿಗೆ 1719ರಲ್ಲಿ ಜೇಮ್ಸ್ ಬ್ರಾಡ್ಲಿ ಪಾದ್ರಿಯಾಗಿ ಬಂದನು. ವೇಲ್ಸಿನ ಇನ್ನೊಂದು ಇಗರ್ಜಿಯ ಆದಾಯವೂ ಆತನಿಗೆ ಸಂದಿತು. ಬಾಳು ನಿಶ್ಚಿಂತೆಯಿಂದ ಸಾಗಬಹುದಾಗಿತ್ತು. ಆದರೆ ತಾನೂ ಪಾದ್ರಿಯಾಗಿದ್ದ ಸೋದರಮಾವ ಪೌಂಡನು ಬಹು ಹಿಂದೆಯೇ ಅಳಿಯನಿಗೆ ಆಕಾಶದ ಹುಚ್ಚು ಹಿಡಿಸಿದ್ದನು. 1721ರಲ್ಲಿ ಆಕ್ಸ್‌ಫರ್ಡಿನಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕ ಪದವಿ ದೊರೆತೊಡನೆ ಬ್ರಾಡ್ಲಿ ಇಗರ್ಜಿಗಳನ್ನು ಬಿಟ್ಟುಕೊಟ್ಟನು.

1725ರಲ್ಲಿ ಆತನೂ ಗೆಳೆಯ ಮೊಲಿನೂನೂ ನೆತ್ತಿಯ ಮೇಲೆ ಹಾಯುವ ಒಂದು ನಕ್ಷತ್ರವನ್ನು ಅಳೆಯತೊಡಗಿದರು. ಭೂಮಿ ಸೂರ್ಯನನ್ನು ಸುತ್ತುವುದು ನಿಜವಾದರೆ ನಕ್ಷತ್ರವು ತುಸು ಸರಿದಂತೆ ತೋರಬೇಕು. ಸರಿಯಿತು, ಆದರೆ ಎಣಿಸಿದ ದಿಕ್ಕಿಗಲ್ಲ! ಇದೆಂತಹ ಒಗಟು? ನೆಟ್ಟಗೆ ಸುರಿಯುವ ಮಳೆಯಲ್ಲಿ ಓಡುವವನಿಗೆ ಹನಿಗಳು ಎದುರಿನಿಂದ ಬಂದಂತಾಗುವುದಿಲ್ಲವೆ? ಓಡುತ್ತಿರುವ ಭೂಮಿಗೆ ಬೆಳಕೂ ಹಾಗೆಯೇ ಓರೆಯಾಗಿ ಬರುವುದೆಂದು ಆತನು ಕಂಡುಕೊಂಡನು. 1729ರಲ್ಲಿ ಪ್ರಕಟವಾದ ಈ ಶೋಧವು ಭೂಮಿಯ ಚಲನೆಗೆ ದೊರೆತ ಮೊದಲ ಪ್ರತ್ಯಕ್ಷ ಸಾಕ್ಷಿ.

ಆದರೂ ಲೆಕ್ಕದಲ್ಲಿ ಕೂದಲೆಳೆಯಷ್ಟು ಅಂತರ ಉಳಿಯಿತು. ಚಂದ್ರನ ಸೆಳೆತದಿಂದ ಭೂಮಿಯ ಅಕ್ಷವು ತಲೆದೂಗುತ್ತಿರಬಹುದೆಂದು ಆತನಿಗೆ ತೋರಿತು. ಆ ತೂಗಾಟದ ಒಂದು ಸುತ್ತಿಗೆ ಸುಮಾರು 18½ ವರ್ಷ. ಅದು ಮುಗಿಯುವವರೆಗೂ ಅಳೆದು, 1748ರಲ್ಲಷ್ಟೆ ಬ್ರಾಡ್ಲಿ ಫಲವನ್ನು ಪ್ರಕಟಿಸಿದನು. ಇಂತಹ ಸೈರಣೆ ವಿದ್ವಾಂಸರಲ್ಲಿಯೂ ಅಪರೂಪ.

ಅಷ್ಟರಲ್ಲಿ, 1742ರಲ್ಲಿ, ಹ್ಯಾಲಿಯ ತರುವಾಯ ಗ್ರೀನಿಚ್ಚಿನ ರಾಜಖಗೋಳಜ್ಞನ ಪದವಿ ಬಂದಿತ್ತು. ಸಂಬಳ ಮಾತ್ರ ಅಲ್ಪ. ಅದನ್ನು ತುಂಬಿಕೊಡಲೆಂದು ಗ್ರೀನಿಚ್ ಇಗರ್ಜಿಯ ಪಾದ್ರಿಪದವಿಯನ್ನೂ ನೀಡಲು ಮುಂದಾದರು. ಇರುಳೆಲ್ಲ ಆಕಾಶ ನೋಡುವವನು ಭಕ್ತರ ಯೋಗಕ್ಷೇಮವನ್ನು ನೋಡಲಾರನೆಂದು ಬ್ರಾಡ್ಲಿ ಅದನ್ನು ಒಲ್ಲೆನೆಂದನು. ದೊರೆಯು ವರ್ಷಕ್ಕೆ 250 ಪೌಂಡುಗಳ ವೇತನವನ್ನು ಗೊತ್ತುಮಾಡಿದನು.

1762ರಲ್ಲಿ ಆತನು ತೀರಿಕೊಂಡ ಮೇಲೆ ವೀಕ್ಷಣೆಯ ಹೊತ್ತಗೆಗಳಿಗಾಗಿ ವಾರಸುದಾರರಿಗೂ ಸರಕಾರಕ್ಕೂ ವ್ಯಾಜ್ಯ ಹತ್ತಿತು. ಅವು ಅಚ್ಚಾಗತೊಡಗಿದುದು 1798ರಲ್ಲಿ.