ನಾವಿಕರ ಆರೋಗ್ಯವನ್ನು ಕಾಯ್ದ ಕಪ್ತಾನ

ಹದಿನೆಂಟನೆಯ ಶತಮಾನದಲ್ಲಿ ಹಾಯಿಹಡಗನ್ನೇರಿ ದೂರದ ಸಮುದ್ರಯಾನಕ್ಕೆ ಹೊರಡುತ್ತಿದ್ದ ನಾವಿಕನಿಗೆ ಬಿರುಗಾಳಿಗಿಂತಲೂ ಶತ್ರುಗಳ ಫಿರಂಗಿಗಳಿಗಿಂತಲೂ ಭಯಂಕರನಾದ ವೈರಿಯೊಬ್ಬನಿದ್ದನು. ಅದು ಸ್ಕರ್ವಿ ಎಂಬ ರೋಗ. ನೆಲವನ್ನು ಬಿಟ್ಟು ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಗಟ್ಟಿಮುಟ್ಟಾದ ಆಳುಗಳ ಮೈ ಭಾರವಾಗುತ್ತಿತ್ತು. ವಸಡುಗಳು ಊದಿಕೊಂಡು ರಕ್ತ ಸುರಿಯುತ್ತಿತ್ತು. ಹಲ್ಲುಗಳು ಸಡಿಲಗೊಂಡು ಉದುರುತ್ತಿದ್ದವು. ಎಂದೋ ಮಾಯ್ದಿದ್ದ ಹಳೆಯ ಗಾಯಗಳು ಕೂಡ ಮತ್ತೆ ಬಾಯ್ದೆರೆಯುತ್ತಿದ್ದವು. ಕೊನೆಗೆ ಒಂದು ದಿನ ಹಗ್ಗವನ್ನೆಳೆಯುತ್ತಿದ್ದವನು ನಿಂತಲ್ಲೇ ಕುಸಿದು ಪ್ರಾಣ ಬಿಡುತ್ತಿದ್ದನು. 1740ರಲ್ಲಿ ಆನ್ಸನ್ ಎಂಬ ಆಂಗ್ಲ ನೌಕಾಧಿಪತಿಯು ಸುಮಾರು 1,900 ಜನರೊಡನೆ ಪ್ರಪಂಚ ಪ್ರದಕ್ಷಿಣೆಗೆ ಹೊರಟನು. ನಾಲ್ಕು ವರ್ಷಗಳಲ್ಲಿ ಅವರ ಪೈಕಿ 1,300ಕ್ಕೂ ಹೆಚ್ಚು ಜನ ಮಡಿದರು. ಶತ್ರುಗಳ ಕೈಯಲ್ಲಿ ಸತ್ತವರು ಬೆರಳೆಣಿಕೆಯಷ್ಟು. ಉಳಿದವರಲ್ಲಿ ಹೆಚ್ಚಿನವರನ್ನು ಕೊಂಡೊಯ್ದುದು ರೋಗವೇ. ದೀರ್ಘಯಾನವೆಂದ ಮೇಲೆ ಇಷ್ಟು ಸಾವು ಸಹಜವೆಂದು ಜನ ಭಾವಿಸಿದ್ದರು. ಹಾಗೆ ಭಾವಿಸಬೇಕಾಗಿಲ್ಲವೆಂದು ತೋರಿಸಿಕೊಟ್ಟವನು ಕಪ್ತಾನ ಜೇಮ್ಸ್ ಕುಕ್.

ಕುಕ್ಕನು 1728ರ ಅಕ್ಟೋಬರ್ 27ರಂದು ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಮಾರ್ಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಹೊಲಗದ್ದೆಗಳಲ್ಲಿ ದುಡಿಯುವ ಕೂಲಿಗಾರ. ಜಮೀನಿನ ಒಡೆಯನ ಕೃಪೆಯಿಂದ ಬಾಲಕನಿಗೆ ಕೆಲವು ವರ್ಷಗಳ ಶಾಲಾಶಿಕ್ಷಣ ದೊರೆಯಿತು. ಅನಂತರ ಸಮುದ್ರತೀರದ ಊರೊಂದರ ಅಂಗಡಿಯಲ್ಲಿ ಅವನು ಕೆಲಸಕ್ಕೆ ನಿಂತನು. ಅಂಗಡಿಯ ಕೆಲಸ ಅವನಿಗೆ ಹಿಡಿಸಲಿಲ್ಲ. ಕಿಟಕಿಯಾಚೆ ಕಾಣುತ್ತಿದ್ದ ಕಡಲು ಅವನನ್ನು ಕರೆಯುತ್ತಿತ್ತು. 1746ರಲ್ಲಿ ವಿಟ್ಬಿ ಬಂದರಿನ ಹಡಗು ಮಾಲೀಕನೊಬ್ಬನ ಬಳಿ ಶಿಷ್ಯನಾಗಿ ಸೇರಿ, ಕಲ್ಲಿದ್ದಲು ಸಾಗಿಸುವ ಹಡಗುಗಳಲ್ಲಿ ದುಡಿಯತೊಡಗಿದನು. ಹಗಲು ಹಡಗಿನ ಕೆಲಸ, ಬಿಡುವಿನಲ್ಲಿ ಗಣಿತ ಮತ್ತು ನೌಕಾಶಾಸ್ತ್ರಗಳ ಅಭ್ಯಾಸ. ಒಂಬತ್ತು ವರ್ಷಗಳು ಹೀಗೆ ಕಳೆದ ಮೇಲೆ ಅವನಿಗೆ ವ್ಯಾಪಾರದ ಹಡಗೊಂದರ ನಾಯಕತ್ವ ದೊರೆಯುವುದರಲ್ಲಿತ್ತು. ಅದನ್ನು ಬಿಟ್ಟು 1755ರಲ್ಲಿ ರಾಜ ನೌಕಾದಳಕ್ಕೆ ಸಾಮಾನ್ಯ ನಾವಿಕನಾಗಿ ಸೇರಿಕೊಂಡನು.

ನೌಕಾದಳದಲ್ಲಿ ಕುಕ್ಕನು ಬೇಗನೆ ಮೇಲೇರಿದನು. ಕೆನಡಾ ದೇಶದ ಸೇಂಟ್ ಲಾರೆನ್ಸ್ ನದಿ, ನ್ಯೂಫೌಂಡ್‌ಲೆಂಡ್ ದ್ವೀಪದ ತೀರ ಇವುಗಳ ನಕ್ಷೆಗಳನ್ನು ತಯಾರಿಸಿ ಹೆಸರು ಗಳಿಸಿದನು. ಆದರೆ ಅವನು ಕಲಿತ ಇನ್ನೊಂದು ಪಾಠ ಯಾವ ಗ್ರಂಥದಲ್ಲಿಯೂ ಇರಲಿಲ್ಲ. 1758ರಲ್ಲಿ ಅವನಿದ್ದ ಪೆಂಬ್ರೋಕ್ ಎಂಬ ಹಡಗು ಅಟ್ಲಾಂಟಿಕ್ ಸಾಗರವನ್ನು ದಾಟುವಷ್ಟರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸ್ಕರ್ವಿಯಿಂದ ಸತ್ತರು. ಜೊತೆಯಲ್ಲಿ ಉಂಡು ಮಲಗಿದವರು ಒಬ್ಬೊಬ್ಬರಾಗಿ ಸಮುದ್ರದ ಪಾಲಾದುದನ್ನು ಅವನು ಕಣ್ಣಾರೆ ಕಂಡನು. ಎಂಥ ಗಟ್ಟಿ ಹಡಗಾದರೂ ಅದನ್ನು ನಡೆಸುವ ಕೈಗಳು ಸೋತರೆ ಅದು ತೇಲುವ ಮರದ ತುಂಡಿಗೆ ಸಮ ಎಂಬುದು ಅವನಿಗೆ ಮನದಟ್ಟಾಯಿತು.

1768ರಲ್ಲಿ ಅವನಿಗೆ ದೊಡ್ಡದೊಂದು ಹೊಣೆ ಬಂದಿತು. ಮರುವರ್ಷ ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಗುವುದನ್ನು ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಿಂದ ವೀಕ್ಷಿಸಬೇಕು. ಬಳಿಕ ದಕ್ಷಿಣದಲ್ಲಿ ಇರಬಹುದೆಂದು ಊಹಿಸಿದ್ದ ಮಹಾಖಂಡವನ್ನು ಹುಡುಕಬೇಕು. ಇದಕ್ಕಾಗಿ ಕೊಟ್ಟ ಹಡಗಿನ ಹೆಸರು ಎಂಡೆವರ್. ಸುಮಾರು 100 ಅಡಿ ಉದ್ದ, 29 ಅಡಿ ಅಗಲದ ಆ ಹಡಗಿನಲ್ಲಿ 94 ಮಂದಿ ವರ್ಷಗಟ್ಟಲೆ ಬಾಳಬೇಕಾಗಿತ್ತು. ತೂಗುಹಾಸಿಗೆಯೊಂದಕ್ಕೆ ಸಿಕ್ಕುತ್ತಿದ್ದ ಅಗಲ ಒಂದು ಮೊಳಕ್ಕಿಂತಲೂ ಕಡಿಮೆ. ಕೆಳ ಅಂತಸ್ತಿನಲ್ಲಿ ಸದಾ ಕತ್ತಲೆ, ತೇವ, ಕೆಟ್ಟ ವಾಸನೆ. ಆಹಾರವೆಂದರೆ ಉಪ್ಪಿನಲ್ಲಿಟ್ಟ ಮಾಂಸ, ಹುಳು ಹಿಡಿದ ಗಟ್ಟಿ ಬಿಸ್ಕತ್ತು. ಇಂಥಲ್ಲಿ ನಾವಿಕನಿಗೆ ವ್ಯಾಯಾಮದ ಕೊರತೆಯೇನೂ ಇರಲಿಲ್ಲ. ಓಲಾಡುವ ಹಾಯಿಕಂಬವನ್ನು ಹತ್ತಿ ಇಳಿಯುವುದು, ತೊಯ್ದ ಹಾಯಿಗಳನ್ನು ಸುತ್ತುವುದು, ಲಂಗರನ್ನು ಎಳೆಯುವುದು, ನೀರನ್ನು ಹೊರಚೆಲ್ಲುವುದು, ಎಲ್ಲವೂ ಮೈಮುರಿಯುವ ಕೆಲಸಗಳೇ. ಅವನಿಗೆ ಇಲ್ಲದಿದ್ದುದು ನಿದ್ದೆ, ಒಣಬಟ್ಟೆ, ಶುದ್ಧವಾದ ಗಾಳಿ ಮತ್ತು ಹಸಿರು ಆಹಾರ. ದುಡಿಮೆಯೊಂದೇ ದೇಹವನ್ನು ಕಟ್ಟಲಾರದು. ದುಡಿದ ದೇಹಕ್ಕೆ ತಕ್ಕ ಪೋಷಣೆಯೂ ವಿಶ್ರಾಂತಿಯೂ ಬೇಕು. ಕುಕ್ಕನು ತನ್ನ ವ್ಯವಸ್ಥೆಯನ್ನೆಲ್ಲ ಈ ತಿಳಿವಳಿಕೆಯ ಮೇಲೆ ಕಟ್ಟಿದನು.

ಅಂದಿನ ಹಡಗುಗಳಲ್ಲಿ ನಾವಿಕರನ್ನು ಎರಡು ಪಾಳಿಗಳಾಗಿ ವಿಂಗಡಿಸುವುದು ವಾಡಿಕೆ. ನಾಲ್ಕು ಗಂಟೆ ಕೆಲಸ, ನಾಲ್ಕು ಗಂಟೆ ಬಿಡುವು. ಹೀಗಾಗಿ ಯಾರಿಗೂ ತುಂಬು ನಿದ್ದೆಯಿಲ್ಲ. ತೊಯ್ದ ಬಟ್ಟೆ ಒಣಗುವ ಮೊದಲೇ ಮತ್ತೆ ಮಳೆಗಾಳಿಯಲ್ಲಿ ನಿಲ್ಲಬೇಕು. ಕುಕ್ಕನು ಮೂರು ಪಾಳಿಗಳನ್ನು ಮಾಡಿ, ನಾಲ್ಕು ಗಂಟೆ ದುಡಿದವನಿಗೆ ಎಂಟು ಗಂಟೆ ಬಿಡುವು ಸಿಗುವಂತೆ ಮಾಡಿದನು. ಹಾಸಿಗೆ ಹೊದಿಕೆಗಳನ್ನು ಬಿಸಿಲು ಕಂಡಾಗಲೆಲ್ಲ ಮೇಲಕ್ಕೆ ತಂದು ಗಾಳಿಗೊಡ್ಡಬೇಕು. ಮೈಯನ್ನೂ ಬಟ್ಟೆಯನ್ನೂ ಶುಚಿಯಾಗಿಟ್ಟುಕೊಳ್ಳಬೇಕು. ಕೆಳ ಅಂತಸ್ತುಗಳನ್ನು ತೊಳೆದು, ವಾರಕ್ಕೆ ಒಂದೆರಡು ಬಾರಿಯಾದರೂ ಅಲ್ಲಿ ಕಬ್ಬಿಣದ ಪಾತ್ರೆಗಳಲ್ಲಿ ಬೆಂಕಿ ಹಾಕಿ ತೇವವನ್ನು ಒಣಗಿಸಬೇಕು. ಅಡುಗೆಯ ತಾಮ್ರದ ಹಂಡೆಗಳನ್ನು ಚೆನ್ನಾಗಿ ಬೆಳಗಬೇಕು. ಮಾಂಸ ಬೇಯಿಸಿದಾಗ ಮೇಲೆ ತೇಲುವ ಕೊಬ್ಬನ್ನು ಯಾರೂ ತಿನ್ನಕೂಡದು. ಇವು ಅವನ ಕಟ್ಟಳೆಗಳು. ಅವುಗಳಲ್ಲಿ ಹಲವನ್ನು ಬೇರೆಯವರೂ ಬಲ್ಲವರಾಗಿದ್ದರು. ಬಲ್ಲುದನ್ನು ದಿನವೂ ತಪ್ಪದೆ ನಡೆಸಿದುದೇ ಕುಕ್ಕನ ಹೆಚ್ಚುಗಾರಿಕೆ.

ಊಟ ಬಲ್ಲವನಿಗೆ ರೋಗವಿಲ್ಲವೆಂಬುದು ನಮ್ಮ ಹಿರಿಯರ ಗಾದೆ. ಆದರೆ ನಾವಿಕರಿಗೆ ಹೊಸ ಊಟವನ್ನು ಕಲಿಸುವುದು ಸುಲಭವಾಗಿರಲಿಲ್ಲ. ಎಂಡೆವರಿನಲ್ಲಿ ಮೂರು ಟನ್ನುಗಳಿಗೂ ಮೀರಿದ ಹುಳಿಗೋಸು, ಎಂದರೆ ಉಪ್ಪು ಬೆರೆಸಿ ಹುಳಿ ಬರಿಸಿದ ಎಲೆಕೋಸು, ತುಂಬಿತ್ತು. ಮಾಂಸದ ಸಾರನ್ನು ಬತ್ತಿಸಿ ಮಾಡಿದ ಬಿಲ್ಲೆಗಳೂ ಮೊಳಕೆ ಬರಿಸಿದ ಬಾರ್ಲಿಯೂ ಇದ್ದವು. ನಾವಿಕರು ಹುಳಿಗೋಸನ್ನು ಕಂಡು ಮೂಗು ಮುರಿದರು. ಮದೀರ ದ್ವೀಪದಲ್ಲಿ ತಾಜಾ ಮಾಂಸವನ್ನು ಒಲ್ಲೆನೆಂದ ಇಬ್ಬರಿಗೆ ಕುಕ್ಕನು ತಲಾ ಹನ್ನೆರಡು ಛಡಿ ಏಟು ಕೊಡಿಸಿದ್ದನು. ಹುಳಿಗೋಸಿನ ವಿಷಯದಲ್ಲಿ ಅವನು ಛಡಿಯನ್ನು ಎತ್ತಲಿಲ್ಲ. ಅಧಿಕಾರಿಗಳ ಮೇಜಿಗೆ ದಿನವೂ ಅದನ್ನು ಬಡಿಸುವಂತೆ ಏರ್ಪಡಿಸಿದನು. ಬೇಕಾದವರು ತಿನ್ನಲಿ, ಬೇಡವಾದವರು ಬಿಡಲಿ ಎಂದು ನಾವಿಕರಿಗೆ ಸಾರಿದನು. ದೊಡ್ಡವರು ಇಷ್ಟಪಟ್ಟು ತಿನ್ನುವುದನ್ನು ಕಂಡ ಮೇಲೆ ನಾವಿಕರ ಮನಸ್ಸು ತಿರುಗಿತು. ಒಂದು ವಾರ ಕಳೆಯುವಷ್ಟರಲ್ಲಿ ಹುಳಿಗೋಸಿಗೆ ಎಷ್ಟು ಬೇಡಿಕೆಯಾಯಿತೆಂದರೆ, ಅದನ್ನು ಅಳೆದು ಹಂಚಬೇಕಾಯಿತು! ನೆಲ ಕಂಡಲ್ಲೆಲ್ಲ ಕುಕ್ಕನು ಕಾಡುಸೊಪ್ಪುಗಳನ್ನು ಕೊಯ್ಯಿಸಿ, ಧಾನ್ಯದೊಡನೆ ಬೇಯಿಸಿ, ಬೆಳಗಿನ ಊಟಕ್ಕೆ ಕೊಡಿಸಿದನು.

ತಾಹಿತಿಯಲ್ಲಿ 1769ರ ಜೂನ್ 3ರಂದು ಶುಕ್ರವೀಕ್ಷಣೆ ಮುಗಿಯಿತು. ನ್ಯೂಜಿಲೆಂಡಿನ ತೀರವನ್ನು ಸುತ್ತಿ ನಕ್ಷೆ ಬರೆದು, ಕುಕ್ಕನು ಆಸ್ಟ್ರೇಲಿಯದ ಪೂರ್ವತೀರವನ್ನು ಸೇರಿದನು. 1770ರ ಜೂನ್ 11ರ ರಾತ್ರಿ ಹಡಗು ಹವಳದ ಬಂಡೆಗೆ ಬಡಿದು ಸಿಕ್ಕಿಕೊಂಡಿತು. ತಳ ಒಡೆದು ನೀರು ನುಗ್ಗತೊಡಗಿತು. ಹಗುರಗೊಳಿಸಲು ಫಿರಂಗಿಗಳನ್ನೂ ನಿಲುಭಾರದ ಕಬ್ಬಿಣ ಮತ್ತು ಕಲ್ಲುಗಳನ್ನೂ ಕಡಲಿಗೆಸೆದರು. ಇದ್ದ ನಾಲ್ಕು ಪಂಪುಗಳಲ್ಲಿ ಕೆಲಸ ಮಾಡುತ್ತಿದ್ದವು ಮೂರೇ. ಕಪ್ತಾನನಿಂದ ಹಿಡಿದು ಸಾಮಾನ್ಯ ನಾವಿಕನವರೆಗೆ ಎಲ್ಲರೂ ಸರದಿಯ ಮೇಲೆ ಕಾಲು ಗಂಟೆಗೊಮ್ಮೆ ಪಂಪಿಗೆ ಕೈಕೊಟ್ಟರು. ಇಪ್ಪತ್ತಮೂರು ಗಂಟೆಗಳ ಹೋರಾಟದ ಬಳಿಕ ಹಡಗು ಬಂಡೆಯಿಂದ ಬಿಡಿಸಿಕೊಂಡು ತೇಲಿತು. ತೀರವನ್ನು ಬಿಟ್ಟು ಸುಮಾರು ಎರಡು ವರ್ಷಗಳಾಗಿದ್ದ ಆ ಜನರ ತೋಳುಗಳಲ್ಲಿ ಇನ್ನೂ ಕಸುವಿದ್ದಿತು. ಸ್ಕರ್ವಿಯಿಂದ ನವೆದ ಕೈಗಳಾಗಿದ್ದರೆ ಎಂಡೆವರಿನ ಕಥೆ ಆ ಹವಳದ ಬಂಡೆಯ ಮೇಲೆಯೇ ಮುಗಿಯುತ್ತಿತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ಹಡಗು ಜಾವಾ ದ್ವೀಪದ ಬಟೇವಿಯ ನಗರವನ್ನು ಮುಟ್ಟಿದಾಗ ಸ್ಕರ್ವಿಯಿಂದ ಒಬ್ಬನೂ ಸತ್ತಿರಲಿಲ್ಲ. ಆದರೆ ಹಡಗಿನ ರಿಪೇರಿಗಾಗಿ ಅಲ್ಲಿ ನಿಂತ ಎರಡು ಮೂರು ತಿಂಗಳು ಕುಕ್ಕನ ಹೆಮ್ಮೆಯನ್ನು ಮುರಿಯಿತು. ಆ ನಗರದ ಕೊಳೆತ ಕಾಲುವೆಗಳ ನಡುವೆ ಮಲೇರಿಯವೂ ರಕ್ತಭೇದಿಯೂ ನೆಲೆಸಿದ್ದವು. ಅಲ್ಲಿಯೂ ಅಲ್ಲಿಂದ ಮರಳುವ ದಾರಿಯಲ್ಲಿಯೂ ಮೂವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಮನುಷ್ಯನ ಎಚ್ಚರಕ್ಕೂ ಒಂದು ಎಲ್ಲೆಯಿದೆಯೆಂಬುದನ್ನು ಅವನು ಅಲ್ಲಿ ಕಲಿತನು.

1772ರ ಜುಲೈನಲ್ಲಿ ಎರಡನೆಯ ಯಾನ ಆರಂಭವಾಯಿತು. ಕುಕ್ಕನ ಹಡಗು ರೆಸಲ್ಯೂಷನ್. ಜೊತೆಯ ಹಡಗು ಅಡ್ವೆಂಚರ್. 1773ರ ಜನವರಿ 17ರಂದು ಅವರು ದಕ್ಷಿಣ ಧ್ರುವವೃತ್ತವನ್ನು ದಾಟಿದರು. ಚರಿತ್ರೆಗೆ ತಿಳಿದಂತೆ ಹಾಗೆ ದಾಟಿದವರಲ್ಲಿ ಅವರೇ ಮೊದಲಿಗರು. ಹಗ್ಗಗಳು ಹಿಮಗಟ್ಟಿ ಕೈಗಳನ್ನು ಕೊಯ್ಯುತ್ತಿದ್ದವು. ನಾಲ್ಕು ತಿಂಗಳ ಕಾಲ ನೆಲವನ್ನೇ ಕಾಣದೆ ಅಲೆದ ರೆಸಲ್ಯೂಷನ್ ಹಡಗು ನ್ಯೂಜಿಲೆಂಡನ್ನು ಸೇರಿದಾಗ ಅದರ ನಾವಿಕರು ಹೆಚ್ಚುಕಡಿಮೆ ಆರೋಗ್ಯವಾಗಿಯೇ ಇದ್ದರು. ಆದರೆ ಕೆಲವು ತಿಂಗಳುಗಳಲ್ಲಿ ಅಡ್ವೆಂಚರಿನಲ್ಲಿ ಸ್ಕರ್ವಿ ಕಾಣಿಸಿಕೊಂಡಿತು. ಇಪ್ಪತ್ತು ಮಂದಿ ಮಲಗಿದರು, ಅಡುಗೆಯವನು ಸತ್ತೇಹೋದನು. ಎರಡು ಹಡಗುಗಳಲ್ಲಿದ್ದ ಆಹಾರ ಒಂದೇ, ಸಾಗಿದ ಕಡಲೂ ಒಂದೇ. ಭೇದವಿದ್ದುದು ಕಟ್ಟಳೆಯ ಪಾಲನೆಯಲ್ಲಿ. ಸೊಪ್ಪು ತಿನ್ನಿಸುವ, ಶುಚಿಯನ್ನು ಪರೀಕ್ಷಿಸುವ ಕಾರ್ಯ ಅಲ್ಲಿ ಸಡಿಲವಾಗಿತ್ತು.

ಇತರರ ಆರೋಗ್ಯವನ್ನು ಇಷ್ಟು ಜತನದಿಂದ ಕಾಯ್ದ ಕುಕ್ಕನು ತನ್ನ ದೇಹವನ್ನು ಮಾತ್ರ ಕಡೆಗಣಿಸಿದನು. 1774ರ ಆರಂಭದಲ್ಲಿ ಅವನಿಗೆ ಹೊಟ್ಟೆಯ ಬೇನೆ ಹತ್ತಿತು. ಮೊದಲು ಅದನ್ನು ಎಲ್ಲರಿಂದಲೂ ಮರೆಮಾಚಿದನು. ಕೊನೆಗೆ ಹಾಸಿಗೆ ಹಿಡಿದು ಪ್ರಾಣಾಪಾಯಕ್ಕೆ ಒಳಗಾದನು. ಹಡಗಿನಲ್ಲಿ ತಾಜಾ ಮಾಂಸವೇ ಉಳಿದಿರಲಿಲ್ಲ. ವಿಜ್ಞಾನಿಯೊಬ್ಬನು ತನ್ನ ಮುದ್ದಿನ ನಾಯಿಯನ್ನೇ ಕೊಡಲು, ಅದರ ಸಾರನ್ನು ಕುಡಿದು ಕಪ್ತಾನನು ಚೇತರಿಸಿಕೊಂಡನು. ಆದರೂ ಹಿಂದಿನ ಶಕ್ತಿ ಪೂರ್ಣವಾಗಿ ಮರಳಲಿಲ್ಲವೆಂದು ಅನೇಕರು ಭಾವಿಸುತ್ತಾರೆ.

ಮೂರು ವರ್ಷ ಹದಿನೆಂಟು ದಿನಗಳ ಬಳಿಕ, 1775ರ ಜುಲೈ 30ರಂದು, ರೆಸಲ್ಯೂಷನ್ ಹಡಗು ಇಂಗ್ಲೆಂಡಿಗೆ ಮರಳಿತು. ಆ ಹಡಗಿನಲ್ಲಿ ಸತ್ತವರು ನಾಲ್ವರು. ರೋಗದಿಂದ ಸತ್ತವನು ಒಬ್ಬನೇ, ಅದೂ ಸ್ಕರ್ವಿಯಿಂದಲ್ಲ. ರಾಯಲ್ ಸೊಸೈಟಿಯು ಕುಕ್ಕನನ್ನು ತನ್ನ ಸದಸ್ಯನನ್ನಾಗಿ ಆರಿಸಿತು. ನಾವಿಕರ ಆರೋಗ್ಯರಕ್ಷಣೆಯನ್ನು ಕುರಿತ ಅವನ ಲೇಖನಕ್ಕೆ 1776ರ ಕಾಪ್ಲೆ ಪದಕವನ್ನು ಕೊಟ್ಟಿತು. ಹೊಸ ದ್ವೀಪಗಳನ್ನು ಕಂಡವನಿಗೆ ಬಂದ ಈ ಗೌರವ, ಜೀವಗಳನ್ನು ಉಳಿಸಿದುದಕ್ಕಾಗಿ ಬಂದುದೆಂಬುದು ಗಮನಾರ್ಹ. ಪದಕ ಘೋಷಣೆಯಾದಾಗ ಅವನು ಮೂರನೆಯ ಯಾನದಲ್ಲಿದ್ದನು.

ಆ ಯಾನದಲ್ಲಿ ಕುಕ್ಕನು ಬದಲಾಗಿದ್ದನು. ದಣಿದ ದೇಹದಲ್ಲಿ ತಾಳ್ಮೆ ಕುಗ್ಗಿತ್ತು. ಸಣ್ಣ ತಪ್ಪಿಗೂ ಕಠಿನ ಶಿಕ್ಷೆ ಕೊಡುತ್ತಿದ್ದನು. 1779ರ ಫೆಬ್ರವರಿಯಲ್ಲಿ ಹವಾಯಿ ದ್ವೀಪದ ಕೆಅಲಕೆಕುಅ ಕೊಲ್ಲಿಯಲ್ಲಿ ಅವನ ದೋಣಿಯೊಂದು ಕಳುವಾಯಿತು. ಅದನ್ನು ಮರಳಿ ಪಡೆಯಲು ಅಲ್ಲಿಯ ಅರಸನನ್ನೇ ಒತ್ತೆಯಾಗಿ ಹಿಡಿದು ತರಲು 14ರಂದು ದಡಕ್ಕಿಳಿದನು. ಜನ ಕೆರಳಿ ಮುತ್ತಿದರು. ಕುಕ್ಕನೂ ಅವನ ನಾಲ್ವರು ಸೈನಿಕರೂ ಅಲ್ಲಿಯೇ ಹತರಾದರು. ಅದೇ ಗಾದೆಯ ಉತ್ತರಾರ್ಧ, ಮಾತು ಬಲ್ಲವನಿಗೆ ಜಗಳವಿಲ್ಲವೆಂದು ಹೇಳುತ್ತದೆ. ಊಟವನ್ನು ಬಲ್ಲ ಕಪ್ತಾನನು ಅಂದು ಮಾತನ್ನು ಮರೆತನು. ಅವನ ಪದಕವು ಪತ್ನಿ ಎಲಿಜಬೆತ್‌ಳ ಕೈಸೇರಿತು.

ಕುಕ್ಕನ ತಿಳಿವಳಿಕೆಯಲ್ಲಿ ತಪ್ಪುಗಳೂ ಇದ್ದವು. ಬಾರ್ಲಿಯ ಕಷಾಯವೇ ಸ್ಕರ್ವಿಗೆ ಒಳ್ಳೆಯ ಮದ್ದೆಂದು ಅವನು ನಂಬಿದ್ದನು. ಕಿತ್ತಳೆ ನಿಂಬೆಗಳಿಂದ ರೋಗಿಗಳು ಬೇಗ ಗುಣ ಹೊಂದುವರೆಂದು ಜೇಮ್ಸ್ ಲಿಂಡ್ ಎಂಬ ವೈದ್ಯನು 1747ರಲ್ಲಿಯೇ ಪ್ರಯೋಗದಿಂದ ತೋರಿಸಿದ್ದನು. ಎಂಡೆವರಿನಲ್ಲಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸನೂ ತನ್ನ ವಸಡು ಊದಿದಾಗ ನಿಂಬೆರಸ ಕುಡಿದು ಗುಣ ಹೊಂದಿದ್ದನು. ಆದರೂ ಕುಕ್ಕನು ಅದಕ್ಕೆ ತಕ್ಕ ಬೆಲೆ ಕೊಡಲಿಲ್ಲ. ಅಂಥವನ ಅಭಿಪ್ರಾಯಕ್ಕೆ ಇದ್ದ ಗೌರವವೇ ನಿಂಬೆಯ ಬಳಕೆಗೆ ತಡೆಯಾಯಿತು. ಆಂಗ್ಲ ನೌಕಾದಳದಲ್ಲಿ ನಿಂಬೆರಸವು ನಿಯಮವಾಗಿ ಬಂದುದು 1795ರಲ್ಲಿ. ಸೊಪ್ಪಿನಲ್ಲಿಯೂ ನಿಂಬೆಯಲ್ಲಿಯೂ ಅಡಗಿದ್ದ ರಕ್ಷಕವಸ್ತು ಸಿ ಜೀವಸತ್ವವೆಂಬುದು ತಿಳಿದುದು ಇಪ್ಪತ್ತನೆಯ ಶತಮಾನದಲ್ಲಿ. ತನ್ನ ನಾವಿಕರಿಂದ ದ್ವೀಪವಾಸಿಗಳಿಗೆ ರೋಗಗಳು ಹರಡುವುದನ್ನು ತಡೆಯಲು ಕುಕ್ಕನು ಯತ್ನಿಸಿ ಸೋತುದನ್ನೂ ಮರೆಯಲಾಗದು.

ಆದರೂ ಅವನ ಸಾಧನೆ ಸಣ್ಣದಲ್ಲ. ಕಾರಣ ತಿಳಿಯದಿದ್ದರೂ ಅವನು ಕೈಕಟ್ಟಿ ಕೂಡಲಿಲ್ಲ. ಶುಚಿತ್ವ, ನಿದ್ದೆ, ಒಣಬಟ್ಟೆ, ಹಸಿರು ಆಹಾರ ಇವುಗಳಲ್ಲಿ ಒಂದನ್ನೂ ಕ್ಷುಲ್ಲಕವೆಂದು ಬಿಡಲಿಲ್ಲ. ಆರೋಗ್ಯವು ಒಂದು ದಿನದ ಮದ್ದಿನಿಂದ ಬರುವುದಲ್ಲ, ದಿನದಿನದ ನಡೆಯಿಂದ ಬರುವುದು. ತಾನು ಮೊದಲು ಉಂಡು ತೋರಿಸಿದವನ ಮಾತನ್ನೇ ಇತರರು ನಂಬುತ್ತಾರೆ. ಸಾಗರದ ನಡುವೆ, ಒಂದು ಮೊಳಕ್ಕೂ ಕಿರಿದಾದ ಹಾಸಿಗೆಗಳಲ್ಲಿ ಮಲಗಿ, ಜೀವಸಹಿತ ಮನೆಗೆ ಮರಳಿದ ಆ ನಾವಿಕರೇ ಇದಕ್ಕೆ ಸಾಕ್ಷಿ.