ಏಮಿ ಜಾನ್ಸನ್: ಹತ್ತೊಂಬತ್ತೂವರೆ ದಿನದ ಲೆಕ್ಕ

ಈ ಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದವನು ನಾನು. ದೂರ, ವೇಗ, ಕಾಲದ ಪಾಠಕ್ಕೆ ಪುಸ್ತಕದ ರೈಲು ಬೇಸರವಾಗಿ ಒಮ್ಮೆ ಬೇರೆ ಲೆಕ್ಕ ಕೊಟ್ಟೆ. ಲಂಡನ್ನಿನ ಕ್ರಾಯ್ಡನ್‌ನಿಂದ ಆಸ್ಟ್ರೇಲಿಯಾದ ಡಾರ್ವಿನ್‌ಗೆ ಸುಮಾರು 18,000 ಕಿ.ಮೀ. ಒಬ್ಬಾಕೆ ಒಂಟಿಯಾಗಿ ವಿಮಾನ ಹಾರಿಸಿಕೊಂಡು ಹತ್ತೊಂಬತ್ತೂವರೆ ದಿನಕ್ಕೆ ತಲುಪಿದಳು. ಸರಾಸರಿ ವೇಗ ಗಂಟೆಗೆ 38 ಕಿ.ಮೀ. ಚಿಲ್ಲರೆ ಬಂತು. ನಮ್ಮೂರ ಬಸ್ಸೇ ವಾಸಿಯಲ್ಲವೇ ಸಾರ್ ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು. ಆ ಪೀರಿಯಡ್ ಅಲ್ಲಿಗೇ ಹೋಯಿತು.

ಏಮಿ ಜಾನ್ಸನ್ ಹುಟ್ಟಿದ್ದು 1903ರಲ್ಲಿ, ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ. ತಂದೆ ಮೀನಿನ ವ್ಯಾಪಾರಿ. ಶೆಫೀಲ್ಡ್‌ನಲ್ಲಿ ಅರ್ಥಶಾಸ್ತ್ರ ಓದಿ, ಲಂಡನ್ನಿನ ವಕೀಲರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಹಾರುವುದನ್ನು ಕಲಿತದ್ದು ಸಾಲದೆಂದು ಎಂಜಿನ್ ರಿಪೇರಿಯನ್ನೂ ಕಲಿತು ಪರವಾನಗಿ ಪಡೆದಳು. ಬ್ರಿಟನ್ನಿನಲ್ಲಿ ಅದನ್ನು ಪಡೆದ ಮೊದಲ ಹೆಂಗಸು ಆಕೆಯೇ. ಹಳೆಯ ಜಿಪ್ಸಿ ಮಾತ್ ವಿಮಾನವೊಂದನ್ನು ಕೊಳ್ಳಲು ತಂದೆಯೂ ಹಣ ಕೊಟ್ಟ. ಮಗಳಿಗೆ ಸೈಕಲ್ ಕೊಡಿಸಲು ಹಿಂದೆಮುಂದೆ ನೋಡುವ ನಮ್ಮೂರ ಅಪ್ಪಂದಿರಿಗೆ ಈ ಮಾತನ್ನು ಪೋಷಕರ ಸಭೆಯಲ್ಲಿ ಹೇಳುತ್ತಿದ್ದೆ. ಕೆಲವರು ನಗುತ್ತಿದ್ದರು.

ವಿಮಾನಕ್ಕೆ ಜೇಸನ್ ಎಂದು ಹೆಸರಿಟ್ಟು 1930ರ ಮೇ 5ರಂದು ಹೊರಟಳು. ಅದುವರೆಗೆ ಒಂಟಿಯಾಗಿ ಹಾರಿದ ಅತಿ ದೂರವೆಂದರೆ ಲಂಡನ್ನಿನಿಂದ ಹಲ್‌ಗೆ. ವಿಮಾನದ ವೇಗ ಗಂಟೆಗೆ ಸುಮಾರು 130 ಕಿ.ಮೀ. ಎಲ್ಲೂ ಇಳಿಯದಿದ್ದರೆ ಆರು ದಿನದ ಹಾದಿ. ಆದರೆ ತೆರೆದ ಸೀಟು, ರೇಡಿಯೊ ಇಲ್ಲ, ಪೆಟ್ರೋಲನ್ನು ಕೈಯಿಂದಲೇ ಪಂಪು ಹೊಡೆದು ಏರಿಸಬೇಕು. ಬಾಗ್ದಾದಿನ ದಾರಿಯಲ್ಲಿ ಧೂಳಿನ ಬಿರುಗಾಳಿಗೆ ಸಿಕ್ಕಿ ಮರುಭೂಮಿಯಲ್ಲೇ ಇಳಿದಳು. ಆದರೂ ಆರನೇ ದಿನ ಕರಾಚಿ! ಹಿಂದಿನ ದಾಖಲೆಗಿಂತ ಎರಡು ದಿನ ಮುಂದೆ. ಝಾನ್ಸಿಯಲ್ಲಿ ಸೈನಿಕರ ಕವಾಯತು ಮೈದಾನದಲ್ಲಿ ಇಳಿಯಬೇಕಾಯಿತು. ಅಲಹಾಬಾದ್, ಕಲ್ಕತ್ತ ದಾಟಿದಳು.

ಬರ್ಮಾದಲ್ಲಿ ಲೆಕ್ಕ ತಪ್ಪಿತು. ರಂಗೂನಿನ ರೇಸ್‌ಕೋರ್ಸ್ ಕಾಣದೆ, ಹತ್ತಿರದ ಇನ್‌ಸೀನ್ ಊರಿನ ತಾಂತ್ರಿಕ ಶಾಲೆಯ ಆಟದ ಮೈದಾನದಲ್ಲಿ ಇಳಿದ ವಿಮಾನ ಹಳ್ಳಕ್ಕೆ ನುಗ್ಗಿತು. ರೆಕ್ಕೆ ಹರಿಯಿತು, ಪ್ರೊಪೆಲರ್ ಮುರಿಯಿತು. ಅಲ್ಲಿನ ಮೇಷ್ಟ್ರುಗಳೂ ಹುಡುಗರೂ ಸೇರಿ ರಿಪೇರಿಗೆ ಕೂತರು. ಯುದ್ಧದಲ್ಲಿ ಉಳಿದ ವಿಮಾನದ ಬಟ್ಟೆಯಿಂದ ಯಾರೋ ಅಂಗಿ ಹೊಲಿಸಿಕೊಂಡಿದ್ದರಂತೆ. ಆ ಅಂಗಿಗಳೇ ರೆಕ್ಕೆಗೆ ತೇಪೆಯಾದವು. ನಮ್ಮ ಹುಡುಗರಿಗೆ ಇಡೀ ಕಥೆಯಲ್ಲಿ ಹಿಡಿಸಿದ್ದು ಇದೇ. ನಮ್ಮ ಮೈದಾನಕ್ಕೂ ಇಳಿದರೆ ಎಂದು ವಾರವಿಡೀ ಮಾತು.

ಮೇ 24ಕ್ಕೆ ಡಾರ್ವಿನ್ ಮುಟ್ಟಿದಾಗ, ಬರ್ಟ್ ಹಿಂಕ್ಲರ್ 1928ರಲ್ಲಿ ಮಾಡಿದ್ದ ಹದಿನೈದೂವರೆ ದಿನದ ದಾಖಲೆ ಹಾಗೇ ಉಳಿದಿತ್ತು. ಆದರೆ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬಳೇ ಹಾರಿದ ಮೊದಲ ಹೆಂಗಸು ಆಕೆ. ಮುಂದೆ ಮದುವೆ, ಹೊಸ ದಾಖಲೆಗಳು, ವಿಚ್ಛೇದನ.

ಯುದ್ಧದ ಕಾಲಕ್ಕೆ ವಿಮಾನಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಮುಟ್ಟಿಸುವ ಕೆಲಸ ಹಿಡಿದಳು. 1941ರ ಜನವರಿ 5ರಂದು ಬ್ಲ್ಯಾಕ್‌ಪೂಲ್‌ನಿಂದ ಆಕ್ಸ್‌ಫರ್ಡ್ ಹತ್ತಿರದ ನೆಲೆಗೆ ಹೊರಟಿದ್ದಳು. ಒಂದು ಗಂಟೆಯ ದಾರಿ. ಹವೆ ಕೆಟ್ಟು, ದಾರಿ ತಪ್ಪಿ, ಮೂರೂವರೆ ಗಂಟೆ ಕಳೆದ ಮೇಲೆ ಥೇಮ್ಸ್ ಅಳಿವೆಯಲ್ಲಿ ಬಿದ್ದಳು. ರಕ್ಷಿಸಲು ನೀರಿಗೆ ಹಾರಿದ ನೌಕಾ ಅಧಿಕಾರಿಯೂ ಬದುಕಲಿಲ್ಲ. ಆಕೆಯ ದೇಹ ಸಿಗಲಿಲ್ಲ. ಈ ಹಾರಾಟದ ಲೆಕ್ಕವನ್ನು ನಾನು ತರಗತಿಯಲ್ಲಿ ಕೊಟ್ಟಿಲ್ಲ.

ಜೇಸನ್ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಹಳೆಯ ವಿದ್ಯಾರ್ಥಿಯೊಬ್ಬ ಅದರ ಫೋಟೊ ಕಳಿಸಿದ್ದ. ಎಂಟನೇ ತರಗತಿಯ ಗೋಡೆಗೆ ಅಂಟಿಸಿದ್ದೆ. ಸುಣ್ಣ ಬಳಿಯುವಾಗ ಯಾರೋ ತೆಗೆದಿಟ್ಟರಂತೆ. ಯಾರ ಬಳಿ ಇದ್ದರೂ ಸರಿ, ಸುವರ್ಣ ಮಹೋತ್ಸವದ ದಿನ ತಂದುಕೊಡಿ.