ಪುಸ್ತಕ ಹೊತ್ತು ಓದುಗರ ಹತ್ರ ಹೋದ ಗಳಗನಾಥರು

ನಮ್ಮಲ್ಲಿ ಬರೆಯೋರಿಗೆ ಬರ ಇಲ್ಲ. ತೋಡಾರಿನ ಹಾಸ್ಟೆಲ್ ರೂಮುಗಳಲ್ಲಿ ಹುಡುಕಿದರೆ ಎಷ್ಟೋ ಫೋನುಗಳ ಒಳಗೆ ಕತೆ, ಕವನ ಸಿಗುತ್ತವೆ. ಆದರೆ ಓದೋರು ಯಾರು? ನಾವೆಲ್ಲ ಸಿಕ್ಕಿಬೀಳೋದು ಇಲ್ಲೇ. ಇದೇ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ಎದುರಿಸಿದವರು ಗಳಗನಾಥರು.

ಅವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. 1869ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ ಹುಟ್ಟಿದರು. ವರದಾ ನದಿ ತುಂಗಭದ್ರೆಯನ್ನು ಸೇರೋ ಊರು ಅದು. ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡರು. ಹೊಟ್ಟೆಪಾಡಿಗೆ ಮಾಸ್ತರಿಕೆ.

ಆ ಭಾಗ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಓದು ಬಲ್ಲ ಕನ್ನಡಿಗರಲ್ಲಿ ಅನೇಕರು ಓದುತ್ತಿದ್ದದ್ದು ಮರಾಠಿ. ಕನ್ನಡಕ್ಕೆ ಬಲ ತುಂಬಲಿಕ್ಕೆ ಅಂತಲೇ 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಶುರುವಾಗಿತ್ತು. ಆದರೆ ಸಂಘ ಕಟ್ಟಿದ ಕೂಡಲೇ ಓದುಗ ಹುಟ್ಟೋದಿಲ್ಲ. ಅವನ ಕೈಗೆ ಕೊಡಲಿಕ್ಕೆ ಏನಾದರೂ ಬೇಕಲ್ಲ!

ಕನ್ನಡದಲ್ಲಿ ದೊಡ್ಡ ಬರಹ ಅಂದರೆ ಆಗ ಹಳೆಯ ಕಾವ್ಯ, ಪಂಡಿತರ ಸೊತ್ತು. ಗಳಗನಾಥರು ಕಾದಂಬರಿಗೆ ಕೈಹಾಕಿದರು. 1898ರಲ್ಲಿ 'ಪ್ರಬುದ್ಧ ಪದ್ಮನಯನೆ' ಬಂತು. ಕತೆ ಹೇಳುತ್ತಾ ಹೇಳುತ್ತಾ ಮಧ್ಯದಲ್ಲೇ ನಿಂತು ಓದುಗರನ್ನು ಮಾತಾಡಿಸೋದು, ನಾಲ್ಕು ನೀತಿ ಹೇಳಿ ಮತ್ತೆ ಕತೆಗೆ ಬರೋದು, ಇದು ಅವರ ರೀತಿ. ಇವತ್ತು ನಮಗೆ ಸ್ವಲ್ಪ ಉದ್ದ ಅನ್ನಿಸಬಹುದು. ಆದರೆ ಹರಿಕಥೆ, ಪುರಾಣ ಕೇಳಿ ಬೆಳೆದ ಜನರಿಗೆ ಅದು ಎದುರು ಕೂತು ಹೇಳಿದ ಹಾಗೇ ಇತ್ತು. ಮರಾಠಿಯ ಹರಿ ನಾರಾಯಣ ಆಪಟೆ ಅವರ ಕಾದಂಬರಿಗಳನ್ನೂ ಕನ್ನಡಕ್ಕೆ ತಂದರು. ವಿಜಯನಗರ ಬಿದ್ದ ಕತೆ ಹೇಳೋ 'ಕನ್ನಡಿಗರ ಕರ್ಮಕಥೆ' ಹಾಗೆ ಬಂದದ್ದು. ಮರಾಠಿಯ ರುಚಿ ಹತ್ತಿದವರನ್ನು ಮರಾಠಿ ಕತೆಯಿಂದಲೇ ಕನ್ನಡಕ್ಕೆ ಎಳೆದರು!

1907ರಲ್ಲಿ ಅಗಡಿಯಿಂದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆ ಹೊರಟಿತು. ಅದರಲ್ಲಿ ಗಳಗನಾಥರ ಬರಹ ತಿಂಗಳು ತಿಂಗಳು ಬಂದು, ಮನೆಗಳಲ್ಲಿ ಓದೋ ಅಭ್ಯಾಸ ಬೆಳೆಯಿತು. ಪುಸ್ತಕಗಳನ್ನು ತಾವೇ ಅಚ್ಚು ಹಾಕಿಸಿದರು, ತಾವೇ ಮಾರಿದರು. ಗಂಟು ಕಟ್ಟಿ ಹೆಗಲಿಗೇರಿಸಿ ಊರೂರು ತಿರುಗಿದರು. ಮಾಸ್ತರು, ಪತ್ರಿಕೆಯ ಸಂಪಾದಕರು, ಹೆಸರಾದ ಲೇಖಕರು, ಆದರೂ ಇನ್ನೊಬ್ಬರ ಬಾಗಿಲ ಮುಂದೆ ಪುಸ್ತಕದ ಗಂಟು ಬಿಚ್ಚೋದಕ್ಕೆ ನಾಚಲಿಲ್ಲ.

ನಮ್ಮ ಕಡೆಯ ಮುದ್ದಣ ಅವರಿಗಿಂತ ಒಂದೇ ವರ್ಷ ಚಿಕ್ಕವರು. ಕಾರ್ಕಳದ ಹತ್ತಿರದ ನಂದಳಿಕೆಯವರು, ಶಾಲೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದವರು. ಗಂಡ ಹೆಂಡತಿ ಮಾತಾಡುತ್ತಾ ಕತೆ ಸಾಗೋ 'ಶ್ರೀರಾಮಾಶ್ವಮೇಧ'ದಂಥ ಗದ್ಯ ಕನ್ನಡದಲ್ಲಿ ಬೇರೆ ಇರಲಿಲ್ಲ. ಆದರೆ ತಾವು ಬರೆದದ್ದು ಅಂತ ಹೇಳಲಿಲ್ಲ. ಯಾರೋ ಹಳೇ ಕವಿಯದ್ದು ಅನ್ನೋ ಹಾಗೆ ಮೈಸೂರಿಗೆ ಕಳಿಸಿದರು. 1901ರಲ್ಲಿ, 31ನೇ ವಯಸ್ಸಿಗೇ ಹೋಗಿಬಿಟ್ಟರು. ಬರೆದವರು ಯಾರು ಅಂತ ಲೋಕಕ್ಕೆ ತಿಳಿದದ್ದು ಆಮೇಲೆ. ಮೆಚ್ಚಿದ ಓದುಗರ ಮುಖವನ್ನು ಅವರು ನೋಡಲೇ ಇಲ್ಲ.

ಗಳಗನಾಥರಿಗೆ ಆ ಭಾಗ್ಯ ಸಿಕ್ಕಿತು, ಆದರೆ ಅದಕ್ಕೆ ಅವರು ನಡೆದು ನಡೆದು ಬೆಲೆ ಕೊಟ್ಟರು. 1923ರಲ್ಲಿ ವಿಜಯನಗರ ಹುಟ್ಟಿದ ಕತೆ 'ಮಾಧವ ಕರುಣಾವಿಲಾಸ' ಬರೆದಾಗ ಅವರಿಗೆ 54. 1942ರಲ್ಲಿ ತೀರಿಕೊಂಡರು. ಪುಸ್ತಕ ಮಾರಿ ಶ್ರೀಮಂತರೇನೂ ಆಗಲಿಲ್ಲ. ಆದರೆ ಅವರ ಕಾದಂಬರಿ ಓದಿ ಪಳಗಿದ ಕನ್ನಡಿಗರು ಮುಂದೆ ಬಂದ ಲೇಖಕರಿಗೆ ತಯಾರಾದ ಓದುಗರಾಗಿ ಸಿಕ್ಕರು.

ನಮಗೆ ಗಂಟು ಹೊರೋ ಕಷ್ಟ ಇಲ್ಲ, ಒಂದು ಲಿಂಕ್ ಕಳಿಸಿದರೆ ಆಯ್ತು. ಆದರೆ ಲಿಂಕ್ ಬಂದ ಕೂಡಲೇ ಯಾರೂ ಓದೋದಿಲ್ಲ ಅಂತ ನಮಗೆಲ್ಲ ಗೊತ್ತು. ಹಾಗಾಗಿ ಫೋನಲ್ಲಿ ಬಚ್ಚಿಟ್ಟ ಕತೆ ಇದ್ದರೆ ಇವತ್ತು ರಾತ್ರಿ ಪಕ್ಕದ ರೂಮಿಗೆ ಹೋಗಿ, ಒಬ್ಬರಿಗಾದರೂ ಓದಿ ಹೇಳೋಣ. ಅವರು ಆಕಳಿಸಿದರೆ ತಿದ್ದೋಣ, ಮುಂದೇನಾಯ್ತು ಅಂತ ಕೇಳಿದರೆ ಒಬ್ಬ ಓದುಗ ಸಿಕ್ಕಿದ ಹಾಗೆ!